ಅಚ್ಚಿಲ್ಲದ ಬೆಲ್ಲ

ಮಂಡ್ಯದ ರಕ್ತನಿಧಿಯಲ್ಲಿ ನನಗೆ ಕೆಲಸ.
ಬಿಳಿ ಹಲಗೆಯ ಮೇಲೆ ಮೂರು ಹನಿ ರಕ್ತ,
ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ, ಒಂದಕ್ಕೆ ಬಣ್ಣವಿಲ್ಲದ್ದು.
ಕಡ್ಡಿಯಲ್ಲಿ ಕಲಕಿ, ಹಲಗೆ ವಾಲಿಸಿ, ಎರಡು ನಿಮಿಷ.
ಹಾಲು ಒಡೆದಂತೆ ಒಡೆದರೆ ಬರೆಯುತ್ತೇನೆ ಎ, ಇಲ್ಲವೇ ಬಿ.
ಮೊದಲೆರಡೂ ಒಡೆಯದೆ ಸುಮ್ಮನೆ ಹರಡಿಕೊಂಡರೆ ಓ.

ಹದಿನಾಲ್ಕು ವರ್ಷ ಹೀಗೆ ಬರೆದ ಮೇಲೆ
ಮೈಸೂರಿನ ತರಬೇತಿಯಲ್ಲಿ ಮೊನ್ನೆ ತಿಳಿಯಿತು,
ಇಷ್ಟು ದಿನ ನಾನು ಓದಿದ್ದು ಸಕ್ಕರೆಯನ್ನು.
ಕಣದ ಮೈಮೇಲೆ ಕೊಂಬೆ, ಕೊಂಬೆಯ ತುದಿಗೊಂದು ಸಕ್ಕರೆ:
ಅದು ಯಾವುದೆನ್ನುವುದೇ ಎ, ಬಿ. ತುದಿ ಬರಿದಾದರೆ ಓ.
ವಾಪಸು ಬರುವಾಗ ಶ್ರೀರಂಗಪಟ್ಟಣದಿಂದಾಚೆ
ಬಸ್ಸಿನ ಮುಂದೆ ಕಬ್ಬಿನ ಲಾರಿ, ಸೋಗೆಯಿಂದ ರಸ್ತೆ ಗುಡಿಸುತ್ತ.

ಅಪ್ಪನಿಗೆ ಹೇಳಿದೆ. ಪಾಕದ ಜವರಯ್ಯ ಅಂದರೆ
ಕೀಲಾರದ ಸುತ್ತ ಎಲ್ಲ ಆಲೆಮನೆಗೂ ಗೊತ್ತು;
ನಲವತ್ತು ವರ್ಷ ಕೊಪ್ಪರಿಗೆಯ ಆವಿಯಲ್ಲಿ ನಿಂತು
ಹದ ಹೇಳಿದವನು. ಈಗ ಅವನಿಗೇ ಶುಗರ್.
ಮಾತು ಬಿಟ್ಟ ದಾಯಾದಿಯ ಹೆಸರಿನಂತೆ
ಆ ಪದವನ್ನು ಮೆಲ್ಲಗೆ ಹೇಳುತ್ತಾನೆ.

'ಸಕ್ಕರೆ ಅಂತೀಯ, ನಾಲಿಗೆಗೆ ಹತ್ತಾಕಿಲ್ವಲ್ಲ?'
'ಇದು ಸಿಹಿ ಇಲ್ಲದ್ದು ಕಣಪ್ಪ. ಕವಲೊಡೆದು, ಹೆಣೆದುಕೊಂಡು,
ಪ್ರತಿ ಕಣವೂ ಹೊದ್ದಿರೋ ಕಂಬಳಿ.
ಜ್ವರದ ವೈರಸ್ಸು ಬಂದರೂ ಮೊದಲು ಹಿಡಿಯೋದು ಅದರ ಕುಚ್ಚನ್ನೇ.'
ಎಲೆಯಡಿಕೆ ಪಕ್ಕಕ್ಕಿಟ್ಟ.
'ಹಂಗಾರೆ ಬೆಂಡೆ ಲೋಳೆ?'

ಬೆಂಡೆ ಗಿಡ ಜಜ್ಜಿ, ನೀರಲ್ಲಿ ಹಿಸುಕಿ,
ಕುದಿವ ಕಬ್ಬಿನ ಹಾಲಿಗೆ ಸುರಿಯುತ್ತಿದ್ದ;
ಕೊಳೆಯೆಲ್ಲ ಮಡ್ಡಿಯಾಗಿ ಮೇಲೇಳುತ್ತಿತ್ತು.
ನನಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕ ತೆರೆದು ನೋಡಿದೆ:
ಆ ಲೋಳೆಯೂ ಸಕ್ಕರೆಯ ಸರ.
'ನೋಡ್ದಾ ಮಗ,' ಅಂದ,
'ಸಕ್ಕರೇಲೇ ಸಕ್ಕರೆ ತೊಳೀತಿದ್ದೆ ನಾನು.'

ಜೀನಿನ ಅಕ್ಷರ ಓದಿದ್ದಾಯಿತು,
ಪ್ರೋಟೀನು ಹೇಗೆ ಮಡಚೀತೆಂದು ಯಂತ್ರ ಊಹಿಸುತ್ತದೆ.
ಸಕ್ಕರೆಗೆ ಮಾತ್ರ ಅಚ್ಚಿಲ್ಲ. ಉಂಡೆ ಬೆಲ್ಲದ ಹಾಗೆ
ಆ ಹೊತ್ತಿನ ಬಿಸಿ, ಆ ಹೊತ್ತಿನ ಕೈ.
ಗೆಡ್ಡೆ ಕಟ್ಟುವ ಕಣ ಬೇರೆ ನೇಯ್ಗೆ ಹೊದೆಯುತ್ತದಂತೆ;
ಅದನ್ನು ಮೊದಲೇ ಗುರುತಿಸಲು ಇನ್ನೂ ಕಲಿಯುತ್ತಿದ್ದಾರೆ.
ತುದಿಯ ಸಕ್ಕರೆಯನ್ನು ಸೋಗೆಯಂತೆ ಸುಲಿದು
ಎ ರಕ್ತವನ್ನು ಓ ಮಾಡುವ ಕಿಣ್ವಗಳನ್ನು
ಪರೀಕ್ಷಿಸುತ್ತಿದ್ದಾರೆ, ಎಲ್ಲೋ.

ಎಲ್ಲೋ. ಇಲ್ಲಿ ಈ ರಾತ್ರಿ
ಹೆದ್ದಾರಿಯಿಂದ ಒಬ್ಬ ಹುಡುಗನನ್ನು ತಂದಿದ್ದಾರೆ.
ಫ್ರಿಜ್ಜಿನಲ್ಲಿ ಎ ಸಾಲು ತುಂಬಿದೆ, ಓ ಸಾಲು ಖಾಲಿ.
ಕೆರಗೋಡಿನ ಬಡಗಿ ಬೈಕಿನಲ್ಲಿ ಬಂದಿದ್ದಾನೆ,
ಅಂಗಿಯ ಮೇಲಿನ್ನೂ ಮರದ ಹೊಟ್ಟು.
ಅವನು ಓ ಎಂದು ನನಗೆ ಗೊತ್ತು.
ಆದರೂ ಮೂರು ಹನಿ, ನೀಲಿ, ಹಳದಿ.
'ಅದರ ಹದ ಹೇಳೋರು ಯಾರವ್ವ?' ಅಪ್ಪ ಕೇಳಿದ್ದ.
ಹಲಗೆ ವಾಲಿಸುತ್ತಿದ್ದೇನೆ.
ಎರಡು ನಿಮಿಷ ಇನ್ನೂ ಆಗಿಲ್ಲ.