ನಾಲ್ಕಾಣೆ

ಒಂಬತ್ತನೇ ಸಲ ತೋಳು ಜಾರಿದ್ದು ಮಾಡಿಕೆರೆ ಕ್ರಾಸಿನಲ್ಲಿ,
ಬೆಲ್ಲಿನ ಹಗ್ಗಕ್ಕೆ ಕೈ ಎತ್ತಿದಾಗ.
ಪಿಳ್ಳಪ್ಪ ಬಸ್ಸು ನಿಲ್ಲಿಸಿ ಕನ್ನಡಿಯಲ್ಲೇ ಕೇಳಿದ:
"ಮತ್ತೆ ಹೋಯ್ತೇನಮ್ಮ?"
ಹೋಯ್ತು. ಸೀಟಿಗೆ ಒತ್ತಿ ನಾನೇ ಕೂರಿಸಿಕೊಂಡೆ,
ಒಂದು ಟಿಕೇಟು ಹರಿಯುವಷ್ಟು ಹೊತ್ತು.

ಚಿಂತಾಮಣಿಯಲ್ಲಿ ಡಾಕ್ಟರ್ ಶಬೀನಾ ಸ್ಕ್ಯಾನು ತಿರುಗಿಸಿ ತೋರಿಸಿದರು.
ಗುಂಡಿಗೆ ಸಣ್ಣ ತಗ್ಗು;
ಒರಳಿಗೆ ಮುಂದುಗಡೆ ಬಾಯಿಯೇ ಇಲ್ಲ.
"ಶೇಕಡ ಇಪ್ಪತ್ತೈದು ಸವೆದಿದೆ."
ನಾಲ್ಕಾಣೆ, ಅಂದುಕೊಂಡೆ.

ಹರಿದ ಅಂಚನ್ನು ಹೊಲಿಯಬಹುದು: ಮೂರು ತೂತು, ನಾಳೆಯೇ ಮನೆ.
ಆದರೆ ನಾಲ್ಕಾಣೆ ಇಲ್ಲದ ಅಂಚಿಗೆ
ದಾರ ಎಷ್ಟು ದಿನ ತಡೆದೀತು?
ಇಲ್ಲವೇ ಭುಜದ ಮುಂದಿನ ಕೊಕ್ಕೆಯೆಲುಬನ್ನು
ಸ್ನಾಯು ಸಮೇತ ಕತ್ತರಿಸಿ ತಂದು, ಎರಡು ಸ್ಕ್ರೂ.
ಕೈ ಎತ್ತಿದಾಗ ಆ ಸ್ನಾಯುವೇ ಅಡ್ಡಪಟ್ಟಿಯಾಗಿ ನಿಲ್ಲುತ್ತಂತೆ.
ಮೂರನೆಯದು, ಸೊಂಟದ ತುಂಡು.
"ಸೊಂಟ ಆಮೇಲೆ ತುಂಬಾ ದಿನ ಬೈಯುತ್ತೆ" ಅಂದರು.

ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ.
ಚಿಲ್ಲರೆ ಇಲ್ಲದ ದಿನ ನಾನು ಮಾಡೋದೂ ಅದೇ,
ಟಿಕೇಟಿನ ಹಿಂದೆ ಬಾಕಿ ಬರೆದುಕೊಡೋದು.
ಇಳಿಯುವ ಮುಂಚೆ ಅವರೇ ನೆನಪಿಸಬೇಕು.

ಬೆಲ್ಲು ಎಳೆಯೋಕಾಗುತ್ತಾ, ಕೇಳಿದೆ.
"ಎಳೆಯಬಹುದು. ತೋಳು ಹೊರಕ್ಕೆ ತಿರುಗೋದು ಒಂಚೂರು ಕಡಿಮೆ."
ಎಷ್ಟು ಕಡಿಮೆ?
ಒಂದು ಗಳಿಗೆ ಸುಮ್ಮನಿದ್ದು
ತಮ್ಮದೇ ಕೈ ಎತ್ತಿ ತೋರಿಸಿದರು,
ತಲೆ ಬಾಚುವಷ್ಟು ಎತ್ತರಕ್ಕೆ,
ಆಮೇಲೆ ಇನ್ನೂ ಒಂದಿಷ್ಟು.

ಚೀಟಿಯ ಹಿಂದೆ, ಎರಡನೆಯದರ ಕೆಳಗೆ
ಗೀಟು ಎಳೆಸಿಕೊಂಡು ಬಂದೆ.
ಪಿಳ್ಳಪ್ಪನಿಗೆ ಹೇಳಿದೆ:
ನಾಲ್ಕು ತಿಂಗಳು
ಬೇರೆ ಯಾರದೋ ಸೀಟಿ ಕೇಳಿಕೋ.