ಚುಕ್ಕಿ ತಗಿಯೂದು

ಹಗಲೆಲ್ಲಾ ಪಾಸ್‌ಪೋರ್ಟ್ ಸೈಜು:
ಗದ್ದ ಕೆಳಗ್ರಿ, ಹೆಗಲ ಸಡ್ಲ ಬಿಡ್ರಿ,
ಕಣ್ಣ ಪಿಳುಕಿಸಬ್ಯಾಡ್ರಿ.
ಶನಿವಾರ ಸಂಜೀಕ ಸ್ಟುಡಿಯೋದ ಶಟರ್ ಎಳದು
ದಾವಲಸಾಬನ ಬೈಕಿನ ಹಿಂದ ಕುಂತು ಗದಗ ಬಿಟ್ಟೆ,
ಡೋಣಿ ದಾರಿ ಹಿಡದು.

ಅಂವಂದು ಬ್ಯಾಟರಿ ಅಂಗಡಿ.
ಲೆನ್ಸಿಗೆ ಇಬ್ಬನಿ ಕೂಡಬಾರದಂತ ವಯರಿನ ಬಿಸಿಪಟ್ಟಿ ಮಾಡ್ಯಾನ,
ಹೆಂಡ್ತಿ ಕಡೆ ಹೊಲಿಸ್ಯಾನ, ಹೂವಿನ ಚೀಟಿ ಬಟ್ಟಿಯೊಳಗ.

ಕಪ್ಪತಗುಡ್ಡದ ಬುಡಕ ಒಂದು ಹಾಸುಬಂಡಿ.
ಮ್ಯಾಲ ಸಾಲಾಗಿ ಗಾಳಿಗಿರಣಿ, ನೆತ್ತಿಗೊಂದು ಕೆಂಪು ದೀಪ,
ಎಲ್ಲಾ ಒಮ್ಮೆಗೇ ಹತ್ತಿ ಎಲ್ಲಾ ಒಮ್ಮೆಗೇ ಆರಿ.
ಬಡಗಲಿಗೆ ಗದಗ-ಬೆಟಗೇರಿ ಬೆಳಕಿನ ಗುಳ್ಳಿ.
ಅದರ ಮ್ಯಾಲ ಒಂದು ಗೇಣಿಗೆ ಕಮ್ಮಿ ಎತ್ತರಕ್ಕ ಧ್ರುವ,
ಸಂತಿ ಮುಗದ್ರೂ ಏಳದ ಮುದುಕನ್ಹಂಗ.

ಡಿಸೆಂಬರ್. ಮಿಥುನದ ಕಡಿಂದ ಉಲ್ಕೆ ಉದುರೂ ರಾತ್ರಿ.
ಹದಿನೈದು ಸೆಕೆಂಡಿಗೊಂದರಂಗ
ಕ್ಯಾಮೆರಾ ತನ್ನಷ್ಟಕ್ಕ ತಾ ಕಟಗುಡತಿತ್ತು,
ಹಲಗಿ ಮ್ಯಾಲ ಯಾರೋ ಶೇಂಗಾ ಸುಲದಂಗ.

ಎರಡು ಹೊಡದಿರಬೇಕು.
ದಾವಲಸಾಬ ಥರ್ಮಾಸಿನ ಮುಚ್ಚಳಕ್ಕ ಚಹಾ ಬಗ್ಗಸ್ತಿದ್ದ,
ಒಮ್ಮೆಲೇ ಬಂಡಿ ಮ್ಯಾಲ ನಮ್ಮಿಬ್ಬರ ನೆರಳು ಬಿತ್ತು.
ನೆರಳು ನೋಡಿ ತಲಿ ಎತ್ತಿದ್ವಿ:
ಹಸರು ಗೀರು.
ಅಷ್ಟರಾಗ ಅದು ಹೊಗಿಯ ಎಳಿ.
"ಬಿತ್ತಲ್ಲೋ!" ಅಂದ, ಏನೋ ಕಳಕೊಂಡವರ್ಹಂಗ.
ಚಹಾ ಅಂವನ ಚಪ್ಲಿ ಮ್ಯಾಲ ಚೆಲ್ಲಿತ್ತು.

ಮರುದಿನ ನಾಕನೂರ ಹನ್ನೊಂದು ಫೋಟೋ
ಒಂದರ ಮ್ಯಾಲೊಂದಿಟ್ಟು ಕಂಪ್ಯೂಟರಿಗೆ ಕೂಡಸಾಕ ಹೇಳಿದೆ.
ಕೂಡಿಸಿತು. ಎಂಥಾ ಆಕಾಶ ಅಂತೀರಿ!
ಕೃತ್ತಿಕೆಯ ಸುತ್ತಿನ ನೀಲಿ ಮಂಜು ಸೈತ ಬಂದಿತ್ತು.
ಕಣ್ಣಿಗೆ ಕಾಣದ್ದೆಲ್ಲಾ ಇತ್ತು.
ಕಣ್ಣಿಗೆ ಕಂಡದ್ದೊಂದು ಇರಲಿಲ್ಲ.

ಅದರ ಲೆಕ್ಕ ಹಂಗ:
ಎಲ್ಲಾದರಾಗೂ ಇದ್ದದ್ದು ಖರೆ,
ಒಂದರಾಗಷ್ಟೇ ಇದ್ದದ್ದು ಕಸ.
ವಿಮಾನ, ಉಪಗ್ರಹ, ಯಾವನೋ ಬ್ಯಾಟರಿ ಬೆಳಕು,
ಅವುಗಳ ಜೋಡಿ ನಮ್ಮದನ್ನೂ ಗುಡಿಸಿ ಚೆಲ್ಲಿತ್ತು.

ಅಪ್ಪ ನೆನಪಾದ.
ಗಾಜಿನ ಮೇಜು, ಕೆಳಗ ಬಲ್ಬು, ಕಣ್ಣಿಗೆ ಭೂತಗನ್ನಡಿ,
ಸೂಜಿಯಂಗ ಕೆತ್ತಿದ ಪೆನ್ಸಿಲ್.
ನೆಗೆಟಿವಿನಾಗ ಮಾರಿ ಕರೀದು.
ಮೈಲಿ ಕಲಿ ಮಾತ್ರ ಬೆಳ್ಳಗ, ಸಣ್ಣಾಗಿ, ಮಾರಿ ತುಂಬ ಹೊಳೀತಿದ್ವು.
ಒಂದೊಂದನ್ನ ಹುಡುಕಿ ಮುಚ್ಚತಿದ್ದ.
ಏನ್ ಮಾಡಾಕತ್ತೀ ಅಂದ್ರ
"ಚುಕ್ಕಿ ತಗಿಯಾಕತ್ತೇನಿ" ಅಂತಿದ್ದ.
ನನ್ನ ಯಾರರ ಕೇಳಿದ್ರ ನಾನೂ ಅದನ್ನಽ ಅಂತೀನಿ ಈಗ.

ನೇಕಾರ ಓಣಿಯ ಶಿವಗಂಗವ್ವ ಒಮ್ಮೆ
ಫೋಟೋ ತಿರುಗಿ ತಂದಿದ್ದಳು. ಬಣ್ಣ ಹತ್ತಿದ ಉಗುರು.
ಜಗಳಾಡಲಿಲ್ಲ, ರೊಕ್ಕ ಕೇಳಲಿಲ್ಲ.
"ಚಂದ ಅದಾಳ ಈಕಿ," ಅಂದಳು,
"ಯಾರ ಮನ್ಯಾಕಿ?"
ಅಪ್ಪ ಅವತ್ತ ರಾತ್ರಿ ಪೆನ್ಸಿಲ್ ಕೆತ್ತಲಿಲ್ಲ.
ಮರುದಿನ ಕೆತ್ತಿದ. ಹೊಟ್ಟಿ ಕೇಳಬೇಕಲ್ಲ.

ಒಂದೊಂದಽ ಬಿಚ್ಚಿ ನೋಡಕೋತ ಕುಂತೆ.
ಮಂದಿ ಬಂದ್ರು, ಆಧಾರ್ ಫೋಟೋ ತಗೊಂಡು ಹೋದ್ರು, ಮತ್ತ ಕುಂತೆ.
ಇನ್ನೂರ ಅರವತ್ತೇಳನೇದರಾಗ ಇತ್ತು:
ಮೂಲ್ಯಾಗ, ಅರ್ಧ ಚೌಕಟ್ಟಿನ ಹೊರಗ,
ಗಾಳಿಗಿರಣಿ ರೆಕ್ಕಿಗೆ ತಾಗಿದಂಗ,
ಚಹಾದ ಹಬಿ ಅಡ್ಡ ಬಂದು ಒಂದೀಟು ಮಸಕು.
ಯಾವ ಸ್ಪರ್ಧಾಕ್ಕೂ ಕಳಸೂ ಹಂಗಿಲ್ಲ.
ಪ್ರಿಂಟ್ ಹಾಕಿ ಕೊಟ್ಟರ ದಾವಲಸಾಬ
ಬಿಸಲಿಗೆ ಹಿಡದು ನೋಡಿದ.
"ದೊಡ್ಡದಿತ್ತಲ್ಲೋ ಇನ್ನೂ," ಅಂದ.
ಅಂದು, ಅಂಗಿ ಕಿಸೇದಾಗ ಇಟಗೊಂಡ.

ಇವತ್ತ ಮುಂಜಾನೆ ಒಬ್ಬಾಕಿ ಹುಡುಗಿ,
ಪರೀಕ್ಷಾ ಅರ್ಜಿಗೆ ಮೂರು ಕಾಪಿ.
ಎಡಗಲ್ಲದ ಮ್ಯಾಲ ಕಾಳಿನಷ್ಟು ಮಚ್ಚಿ.
ಲೈಟ್ ಹಚ್ಚೂದಕ್ಕ ಮೊದಲಽ, ರೂಢಿ ನೋಡ್ರಿ,
"ತಗೀಲೇನವಾ?" ಅಂತ ಕೇಳಿಬಿಟ್ಟೆ.
ಆಕಿಗೆ ಬ್ಯಾರೆ ತಿಳೀತು.
ಗದ್ದ ಇಳಿಸಿ, ಹೆಗಲ ಸಡ್ಲ ಬಿಟ್ಟು,
"ಹೂಂ, ತಗೀರಿ" ಅಂದು
ಕಣ್ಣ ಪಿಳುಕಿಸದಽ ಕುಂತಳು.