ಹಕಾರದ ಖಾನೆ

ಮೈಸೂರಿನ ಅಗ್ರಹಾರದವನು ನಾನು,
ಮೊಳೆ ಜೋಡಿಸುವ ಕೆಲಸಕ್ಕೆ ಮಂಡ್ಯಕ್ಕೆ ಬಂದವನು.
ಪೇಟೆಬೀದಿಯ ಹಿಂದೆ ಒಂದೇ ಕೋಣೆ, ಒಂದು ಟ್ರೆಡಲ್ ಮಿಷನ್ನು;
ಮದುವೆ ಕಾರ್ಡು, ತಿಥಿ ಕಾರ್ಡು, ಸೊಸೈಟಿ ರಸೀದಿ.

ಮೊದಲ ವಾರವೇ ತಿಳಿಯಿತು
ಈ ಊರಿನ ಬಾಯಿಗೆ ಹಕಾರ ಬೇಡ.
ಹಾಲು ಆಲು, ಹತ್ತು ಅತ್ತು, ಹಸು ಅಸು.
(ಅಸು ಎಂದರೆ ಪ್ರಾಣ.
ಅದೇನೂ ತಪ್ಪಲ್ಲ, ಯಾವ ಕೊಟ್ಟಿಗೆಯಲ್ಲಾದರೂ ಕೇಳಿ ನೋಡಿ.)
ಎದುರುಮನೆಯ ಕೆಂಪಾಜಮ್ಮ ಮೊರ ಬಡಿದು ಕೂಗುತ್ತಿದ್ದಳು:
"ಅಕ್ಕಿ ಬಂದು ಅಕ್ಕಿ ತಿಂತಾವೆ, ಓಡ್ಸ್ಲಾ!"
ಮಗನಿಗೆ ಅನುಮಾನವೇ ಬರಲಿಲ್ಲ,
ರೆಕ್ಕೆ ಇದ್ದದ್ದನ್ನೇ ಓಡಿಸಿದ.
ನಾನು ಮಾತ್ರ
ಕೈಯಲ್ಲಿ ಕಾಫಿ ಹಿಡಿದು ನಿಂತೇ ಇದ್ದೆ.

ಶ್ರಾವಣದಲ್ಲಿ ಒಬ್ಬರು ಬಂದರು,
ಹೊಸಬೂದನೂರಿನ ಚನ್ನಂಕೇಗೌಡರು, ಟವಲಿನಲ್ಲಿ ದುಡ್ಡು ಕಟ್ಟಿಕೊಂಡು.
"ಬರ್ಕಳಿ ಸ್ವಾಮಿ. ಎಣ್ಣು ಒಂಬಾಳೆ. ಗಂಡು ಅಲಗೂರು.
ಊವಿನ್ ಆರದ್ ಚಿತ್ರ ಮ್ಯಾಲಿರ್ಲಿ."
ಹಲಗೂರಿಗೆ ಹಕಾರ ಕೊಟ್ಟೆ, ಊರು ಗೊತ್ತಿತ್ತು.
ಹೂವಿನ ಹಾರಕ್ಕೆ ಬ್ಲಾಕಿತ್ತು, ಅಕ್ಷರವೇ ಬೇಕಿರಲಿಲ್ಲ.
ಹೆಣ್ಣಿನ ಹೆಸರಿಗೆ ಬಂದಾಗ
ಕಾರ್ಡಿನ ನೆತ್ತಿಗೆ ಕೂರಿಸುವ ಓಂ
ಬೆರಳ ಸಂದಿಯಲ್ಲೇ ಇತ್ತು.
ಓಂಬಾಳೆ, ಎಂದು ಜೋಡಿಸಿದೆ.
ದೈವಭಕ್ತರ ಮನೆ, ಇರಬಹುದು.
ಗೌಡರು ಪ್ರೂಫನ್ನು ತಲೆಕೆಳಗಾಗಿ ಹಿಡಿದು
ಬಹಳ ಹೊತ್ತು ನೋಡಿ
"ಸಂದಾಗದೆ" ಅಂದರು.

ಮೂರನೇ ದಿನ ಸೈಕಲ್ಲಿನಲ್ಲಿ ಒಬ್ಬಳೇ ಬಂದಳು ಹುಡುಗಿ.
ಕಾರ್ಡಿನ ಕಟ್ಟನ್ನು ಕಲ್ಲಿನ ಮೇಲೆ ಇಟ್ಟಳು.
"ಸ್ಕೂಲಿನ ಹಾಜರಿಯಲ್ಲಿ ನಾನು ಹೊಂಬಾಳೆ.
ಹುಟ್ಟಿದಾಗಿಂದ ಮನೆಯಲ್ಲಿ ಒಂಬಾಳೆ.
ಈ ಓಂಬಾಳೆ ಯಾರು ಸಾರ್?
ಇವಳಿಗೂ ಒಂದು ಗಂಡು ನೋಡಬೇಕಾಯ್ತಲ್ಲ!"
ಹೇಳಿ ನಕ್ಕಳು.
ಆ ನಗುವಿನಲ್ಲಿ ಹಕಾರಗಳು ಸಾಲುಗಟ್ಟಿ ಬಂದವು,
ಒಂದೂ ಬಿದ್ದುಹೋಗಲಿಲ್ಲ.

ಆ ರಾತ್ರಿ ಖಾನೆ ಎಳೆದು ದೀಪ ಹಿಡಿದೆ.
ಊರಿನ ಬಾಯಲ್ಲಿ ಸವೆಯದ ಹ
ಸೀಸದಲ್ಲಿ ಸವೆದುಹೋಗಿತ್ತು,
ಹಳ್ಳಿಗಳ ಹೆಸರು ಹೊತ್ತು ಹೊತ್ತು ಬೆನ್ನು ಚಪ್ಪಟೆ.
ಪಕ್ಕದ ಖಾನೆಯಲ್ಲಿ ಙ,
ಎರಕದ ದಿನ ಹೇಗಿತ್ತೋ ಹಾಗೇ ಫಳಫಳ.
ಮಕ್ಕಳೆಲ್ಲ ಅದನ್ನು ಕಲಿಯುತ್ತಾರೆ, ಸ್ಲೇಟು ತುಂಬ ತಿದ್ದುತ್ತಾರೆ,
ಸ್ಲೇಟಿನಲ್ಲೇ ಬಿಟ್ಟು ಬರುತ್ತಾರೆ.
ಇಷ್ಟು ವರ್ಷವಾಯಿತು, ಒಬ್ಬ ಗಿರಾಕಿಯೂ
ಙ ಬೇಕೆಂದು ಬಂದಿಲ್ಲ.

ಹೊಸ ಕಾರ್ಡು ನನ್ನ ಸಂಬಳದಲ್ಲಿ ಆಯಿತು.
ಹಳೆಯ ಇನ್ನೂರು ಓಂಬಾಳೆಯರು ಮನೆಯಲ್ಲಿದ್ದಾರೆ.
ಹಿಂಬದಿ ಖಾಲಿ:
ಹಾಲಿನ ಲೆಕ್ಕ, ದಿನಸಿ ಚೀಟಿ,
ಇದನ್ನು ಬರೆದದ್ದೂ ಅದರ ಮೇಲೆಯೇ.

ಮದುವೆಗೆ ಹೋಗಿದ್ದೆ.
ಕ್ಲಾರಿಯೊನೆಟ್ಟಿನ ಮೋಟಯ್ಯ ರೀಡನ್ನು ನಾಲಿಗೆಗೆ ತಾಗಿಸಿ
ಕಣ್ಣು ಮುಚ್ಚಿ ಊದಿದ.
ಸ್ವರ ಬರಲಿಲ್ಲ. ಬರೀ ಉಸಿರು,
ಕೊಳವೆಯುದ್ದ ಹರಿದು ಚಪ್ಪರಕ್ಕೆ ಬಂತು:
ಹ.
ಅದರ ಹಿಂದೆ ಷಡ್ಜ.
"ಕೇಳಿಸಿತಾ, ಇಲ್ಲಿದೆ!" ಎಂದು ಪಕ್ಕದವರ ತೋಳು ಹಿಡಿದೆ.
"ರೀಡು ವಣಗದೆ, ಅಷ್ಟೆಯಾ," ಅಂದರು ಅವರು,
ತೋಳು ಬಿಡಿಸಿಕೊಂಡು.

ಇರಬಹುದು.
ಊಟಕ್ಕೆ ಕೂತೆವು. ಎಲೆಯ ತುದಿ ಗಾಳಿಗೆ ಏಳುತ್ತಿತ್ತು.
ಬಡಿಸುವ ಹುಡುಗ ನನ್ನನ್ನು ದಾಟಿ ಹೋಗುತ್ತಿದ್ದ.
"ಲೇ, ಇನ್ನೊಂದು ಅಪ್ಪಳ" ಅಂದೆ.
ತಿರುಗಿಯೂ ನೋಡದೆ
ಎರಡು ಹಾಕಿ ಹೋದ.